ನಿನ್ನೆ ಚೆನ್ನಾಗಿದ್ದ ಬಾತು ಬೆಳಿಗ್ಗೆ ಸತ್ತು ಬಿದ್ದಿದ್ರೆ: ಹೂಳೋಕೆ ಮುಂಚೆ ಏನೇನು ನೋಡ್ಬೇಕು

ಆಷಾಢದ ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ನಮ್ಮ ತುಂಗೆ ಹೊರಗೆ ಬರ್ಲಿಲ್ಲ. ಮೂಲೇಲಿ ಹುಲ್ಲಿನ ಮೇಲೆ ಮಗ್ಗುಲಾಗಿ ಬಿದ್ದಿದ್ಲು, ಮುಟ್ಟಿದ್ರೆ ತಣ್ಣಗೆ. ಹಿಂದಿನ ದಿನ ಸಂಜೆ ತೋಟದಿಂದ ಉಳಿದವರ ಜೊತೆ ಸಾಲಾಗಿ ನಡ್ಕೊಂಡು ಬಂದಿದ್ಲು. ಮಗಳು ಅಳೋಕೆ ಶುರು ಮಾಡಿದ್ಲು, ಅವಳು ಸ್ಕೂಲಿಗೆ ಹೋಗೋಕೆ ಮುಂಚೆ ಮುಗಿಸ್ಬಿಡೋಣ ಅಂತ ಎಂಟು ಗಂಟೆ ಒಳಗೆ ಪೇರಲೆ ಮರದ ಬುಡದಲ್ಲಿ ಗುಂಡಿ ತೆಗೆದು ಹೂತ್ವಿ, ಮೇಲೆ ಎರಡು ದಾಸವಾಳ ಇಟ್ವಿ. ಏನಾಯ್ತು ಅಂತ ಯಾರೂ ನೋಡ್ಲಿಲ್ಲ. ಹಾವು ಕಚ್ಚಿರ್ಬೇಕು ಅಂದ್ರು ಅತ್ತೆ, ನಾನೂ ಹೌದು ಅಂದ್ಕೊಂಡೆ.

ಒಂಬತ್ತನೇ ದಿನಕ್ಕೆ ಭದ್ರೆನೂ ಹಾಗೇ ಸತ್ಲು.

ನಮ್ಮದು ಸಾಗರದ ಕಡೆ ಅಡಿಕೆ ತೋಟ. ತೋಟದಲ್ಲಿ ಬಸವನಹುಳು ಕಾಟ ಜಾಸ್ತಿಯಾಗಿದ್ದಕ್ಕೆ ಖಾಕಿ ಕ್ಯಾಂಬೆಲ್ ಜಾತಿಯ ನಾಲ್ಕು ಬಾತು ತಂದಿದ್ವಿ, ಮೂರು ಹೆಣ್ಣು ಒಂದು ಗಂಡು. ನಾಲ್ಕನೇ ಕ್ಲಾಸಲ್ಲಿ ನದಿಗಳ ಪಾಠ ಓದ್ತಿದ್ದ ಮಗಳು ತುಂಗೆ, ಭದ್ರೆ, ಶರಾವತಿ, ಭೀಮ ಅಂತ ಹೆಸರಿಟ್ಳು. ಭದ್ರೆ ಸತ್ತಾಗ ಮಾತ್ರ ಹೂಳ್ಲಿಲ್ಲ, ಪೋಸ್ಟ್‌ಮಾರ್ಟಂ ಮಾಡಿಸಿದ್ವಿ. ಆಗ ಗೊತ್ತಾದ ಕಾರಣ ತುಂಗೆ ಸತ್ತ ದಿನವೇ ಗೊತ್ತಾಗಿದ್ರೆ ಭದ್ರೆ ಉಳೀತಿದ್ಲು ಅನ್ನೋದು ನನ್ನ ನಂಬಿಕೆ. ಅದಕ್ಕೇ ಇದನ್ನ ಬರೀತಿದೀನಿ, ನಿಮ್ಮನೇಲಿ ಒಂದು ಬಾತು ಸತ್ತಿದ್ರೆ ದಯವಿಟ್ಟು ಗುದ್ದಲಿ ಎತ್ತೋಕೆ ಮುಂಚೆ ಓದಿ. ಸತ್ತಿರೋ ಬಾತು ಉಳಿದವುಗಳ ಬಗ್ಗೆ ಹೇಳೋದು ಬೇಕಾದಷ್ಟಿರತ್ತೆ, ಆದ್ರೆ ಒಂದು ದಿನ ಮಾತ್ರ.

ಮೊದಲ ಅರ್ಧ ಗಂಟೆ

ತಕ್ಷಣ ಎತ್ಬೇಡಿ. ಫೋನ್ ತೆಗೆದು ಬಿದ್ದಿರೋ ಹಾಗೇ ನಾಲ್ಕೈದು ಫೋಟೋ ತೆಗೀರಿ, ದೂರದಿಂದ ಒಂದು, ತಲೆ ಹತ್ರ ಒಂದು, ಹಿಂಭಾಗ ಒಂದು, ಅಕ್ಕಪಕ್ಕ ಬಿದ್ದಿರೋ ಹಿಕ್ಕೆದು ಒಂದು. ಆಮೇಲೆ ಡಾಕ್ಟ್ರು ಕೇಳೋ ಪ್ರಶ್ನೆಗೆ ಅರ್ಧ ಉತ್ತರ ಈ ಫೋಟೋಗಳಲ್ಲೇ ಇರತ್ತೆ, ನಮ್ಮ ನೆನಪನ್ನ ಆ ಹೊತ್ತಲ್ಲಿ ನಂಬೋಕಾಗಲ್ಲ, ದುಃಖದಲ್ಲಿ ಕಣ್ಣಿಗೆ ಕಂಡಿದ್ದೂ ತಲೇಲಿ ನಿಲ್ಲಲ್ಲ.

ಉಳಿದ ಬಾತುಗಳನ್ನ ಅಲ್ಲಿಂದ ಬೇರೆ ಕಡೆ ಕೂಡಿ. ಹಳೇ ನೀರು, ಹಳೇ ಮೇವು ಎರಡನ್ನೂ ನಿಲ್ಲಿಸಿ, ಬಾವಿ ನೀರು ಕೊಡಿ, ಮನೇಲಿ ನಾವು ತಿನ್ನೋ ಅಕ್ಕಿ ಬೇಯ್ಸಿ ಹಾಕಿ. ಹಳೇ ಮೇವನ್ನ ಎಸೀಬೇಡಿ, ಅದು ಬೇಕಾಗತ್ತೆ. ಸತ್ತಿರೋದನ್ನ ಮುಟ್ಟೋಕೆ ಕೈಗೆ ಗ್ಲೌಸ್ ಹಾಕಿ, ಇಲ್ಲದಿದ್ರೆ ಎರಡು ಪ್ಲಾಸ್ಟಿಕ್ ಕವರ್ ಕೈಗೆ ಸಿಗಿಸ್ಕೊಳ್ಳಿ, ಮೂಗು ಬಾಯಿಗೆ ಬಟ್ಟೆ ಕಟ್ಕೊಳ್ಳಿ. ಮಕ್ಕಳನ್ನ ದೂರ ಇಡಿ. ಮತ್ತೆ, ಯಾಕೆ ಸತ್ತಿದೆ ಅಂತ ಗೊತ್ತಿಲ್ದೆ ಇರೋ ಬಾತನ್ನ ಅಡಿಗೆಗೆ ಯಾವ ಕಾರಣಕ್ಕೂ ಉಪಯೋಗಿಸ್ಬೇಡಿ, ನಾಯಿಗೂ ಹಾಕ್ಬೇಡಿ.

ಈಗ ಒಂದು ಕಾಗದದ ಮೇಲೆ ಬರ್ಕೊಳ್ಳಿ. ಕೊನೇ ಸಲ ಎಷ್ಟು ಗಂಟೆಗೆ ಓಡಾಡೋದು ನೋಡಿದ್ದು, ಆಗ ತಿಂತಾ ಇತ್ತಾ, ವಯಸ್ಸೆಷ್ಟು, ಮೊಟ್ಟೆ ಇಡ್ತಿತ್ತಾ, ಒಂದು ವಾರದಲ್ಲಿ ಮೇವಲ್ಲಿ ಏನಾದ್ರೂ ಬದಲಾಯ್ತಾ, ತೋಟಕ್ಕೋ ಗದ್ದೆಗೋ ಔಷಧಿ ಹೊಡೆದ್ರಾ, ಹೊಸ ಕೋಳಿ ಬಾತು ತಂದ್ರಾ, ಪಕ್ಕದ ಮನೇಲಿ ಯಾವುದಾದ್ರೂ ಸತ್ತಿದೆಯಾ. ಒಂದೇ ಸತ್ತಿದೆಯೋ, ಒಂದೇ ರಾತ್ರೀಲಿ ಮೂರ್ನಾಲ್ಕು ಸತ್ವೋ, ಇದು ಬಹಳ ಮುಖ್ಯ. ಒಂದು ಸತ್ತು ಉಳಿದವು ಚುರುಕಾಗಿದ್ರೆ ಆ ಬಾತಿಗೆ ಮಾತ್ರ ಆಗಿದ್ದು ಇರಬಹುದು, ಮೊಟ್ಟೆ ಸಿಕ್ಕಿಕೊಂಡಿದ್ದೋ, ಏನೋ ನುಂಗಿದ್ದೋ, ಪ್ರಾಣಿ ಹಿಡಿದಿದ್ದೋ. ಒಂದೇ ದಿನ ಹಲವು ಸತ್ರೆ ವಿಷ ಅಥವಾ ಅಂಟುರೋಗ. ನಮ್ಮ ಥರ ಕೆಲವು ದಿನ ಬಿಟ್ಟು ಬಿಟ್ಟು ಸತ್ರೆ, ಮೇವು ಮತ್ತೆ ನೀರಿನ ಕಡೆ ಮೊದಲು ನೋಡಿ.

ಮೈ ಮೇಲೆ ಏನು ಕಾಣತ್ತೆ

ಬಾತಿನ ಪುಕ್ಕ ಬಹಳ ದಟ್ಟ, ಮೇಲಿಂದ ನೋಡಿದ್ರೆ ಗಾಯ ಕಾಣೋದೇ ಇಲ್ಲ. ಕತ್ತಿನ ಹಿಂಭಾಗದ ಪುಕ್ಕನ ಊದಿ ಬಿಡಿಸಿ ಚರ್ಮ ಕಾಣೋ ಹಾಗೆ ನೋಡ್ಬೇಕು, ಹಾಗೇ ರೆಕ್ಕೆ ಕೆಳಗೆ, ತೊಡೆ ಸಂದಿ, ಬಾಲದ ಬುಡ. ಮುಂಗುಸಿ, ಪುನುಗು ಬೆಕ್ಕು ಹಿಡಿದಿದ್ರೆ ಸಾಧಾರಣವಾಗಿ ತಲೆ ಕತ್ತಿನ ಕಡೆ ಸಣ್ಣ ಸಣ್ಣ ತೂತು ಇರತ್ತೆ, ರಕ್ತ ಹೊರಗೆ ಜಾಸ್ತಿ ಬರದೇ ಇರಬಹುದು, ಆದ್ರೆ ಒಳಗಡೆ ಚರ್ಮ ಕಪ್ಪುಕೆಂಪಾಗಿರತ್ತೆ. ನಾಯಿಯಾದ್ರೆ ಪುಕ್ಕ ಕಿತ್ತು ಹರಡಿರತ್ತೆ. ಹಾವು ಅಂತ ಎಲ್ರೂ ಮೊದಲು ಹೇಳ್ತಾರೆ, ನಮ್ಮ ಕಡೆ ಮೊಟ್ಟೆ ಹುಡುಕ್ಕೊಂಡು ನಾಗರಹಾವು ಗೂಡಿಗೆ ಬರೋದು ಇದೆ, ಇಲ್ಲ ಅನ್ನಲ್ಲ. ಆದ್ರೆ ಕಚ್ಚಿದ ಜಾಗ ನೋಡದೇ, ಊತ ನೋಡದೇ ಹಾವಿನ ಮೇಲೆ ಹಾಕಿದ್ರೆ ಅಲ್ಲಿಗೆ ಹುಡುಕೋದು ನಿಂತ್ಹೋಗತ್ತೆ. ನಮಗಾಗಿದ್ದು ಅದೇ.

ಕೊಕ್ಕು ತೆಗೆದು ಒಳಗೆ ನೋಡಿ. ಗಂಟಲಲ್ಲಿ ಒಣ ಮೇವು ಗಟ್ಟಿಯಾಗಿ ಕೂತಿದ್ರೆ ಉಸಿರು ಕಟ್ಟಿ ಸತ್ತಿರಬಹುದು, ಬಾತಿಗೆ ಮೇವಿನ ಪಕ್ಕದಲ್ಲೇ ಕೊಕ್ಕು ಮುಳುಗೋ ಅಷ್ಟು ನೀರು ಇಲ್ದೇ ಒಣ ತೌಡು ಹಾಕಿದ್ರೆ ಹೀಗಾಗತ್ತೆ. ಬಾಯಿ ಮೂಗಲ್ಲಿ ರಕ್ತ, ಹಿಂಭಾಗದಲ್ಲಿ ರಕ್ತ, ಕಣ್ಣಿನ ರೆಪ್ಪೆ ಅಂಟಿರೋದು, ಗಂಡಾದ್ರೆ ಜನನಾಂಗ ಹೊರಗೆ ಜೋತುಬಿದ್ದಿರೋದು, ಇವು ಕಂಡ್ರೆ ಡಕ್ ಪ್ಲೇಗ್ ಅನ್ನೋ ಬಾತಿನ ಅಂಟುರೋಗದ ಅನುಮಾನ ಪಡ್ಬೇಕು. ಹಿಂಭಾಗದ ಪುಕ್ಕಕ್ಕೆ ಹಸಿರು ಹಿಕ್ಕೆ ಮೆತ್ತಿದ್ರೆ ಫೋಟೋ ತೆಗೀರಿ. ಹೆಣ್ಣಾದ್ರೆ ಕೆಳಹೊಟ್ಟೆ ಮೆಲ್ಲಗೆ ಮುಟ್ಟಿ ನೋಡಿ, ಒಳಗೆ ಮೊಟ್ಟೆ ಗಟ್ಟಿಯಾಗಿ ಸಿಕ್ರೆ ಅದು ಹೊರಗೆ ಬರಲಾಗದೇ ಸತ್ತಿರೋ ಸಾಧ್ಯತೆ ಇದೆ. ಎದೆ ಮೂಳೆ ಎರಡೂ ಕಡೆ ಬೆರಳಿಟ್ಟು ನೋಡಿ. ಮಾಂಸ ತುಂಬ್ಕೊಂಡಿದ್ರೆ ನಿಜವಾಗ್ಲೂ ಇದ್ದಕ್ಕಿದ್ದ ಹಾಗೆ ಸತ್ತಿದೆ, ಮೂಳೆ ಚಾಕುವಿನ ಅಂಚಿನ ಥರ ಎದ್ದಿದ್ರೆ ಅದು ವಾರಗಳಿಂದ ಸೊರಗ್ತಾ ಇತ್ತು, ಪುಕ್ಕದಿಂದಾಗಿ ನಮಗೆ ಕಾಣ್ಲಿಲ್ಲ ಅಷ್ಟೇ. ಭದ್ರೆ ಎದೆ ಮೂಳೆ ನನ್ನ ಬೆರಳಿಗೆ ಚುಚ್ತು. ನಾನು ದಿನಾ ನೋಡ್ತಿದ್ದ ಬಾತು ಅದು.

ಒಂದು ಎಚ್ಚರಿಕೆ: ಹೊಟ್ಟೆ ಚರ್ಮ ಹಸಿರಾಗಿದೆ, ವಿಷ ಇರ್ಬೇಕು ಅಂತ ತುಂಬಾ ಜನ ಗಾಬರಿ ಬೀಳ್ತಾರೆ. ಸತ್ತು ಕೆಲವು ಗಂಟೆ ಆದ್ಮೇಲೆ ಕೊಳೆಯೋಕೆ ಶುರುವಾದ್ರೂ ಹೊಟ್ಟೆ ಹಸಿರಾಗತ್ತೆ, ಬಾಯಿಂದ ನೀರೂ ಸೋರತ್ತೆ. ಅದು ಸಾವಿನ ಕಾರಣ ಅಲ್ಲ, ಸತ್ತ ಮೇಲಿನದ್ದು.

ಬಿದ್ದಿರೋ ಭಂಗಿನೂ ಮಾತಾಡತ್ತೆ. ಕಾಲು ಹಿಂದಕ್ಕೆ ಚಾಚಿ, ಕತ್ತು ಬೆನ್ನಿನ ಕಡೆಗೆ ಬಿಲ್ಲಿನ ಥರ ಬಾಗಿ, ಸುತ್ತ ಹುಲ್ಲು ಕೆದರಿದ್ರೆ ಸಾಯೋ ಮುಂಚೆ ಸೆಟೆದುಕೊಂಡು ಒದ್ದಾಡಿದೆ. ಆರು ವಾರದೊಳಗಿನ ಮರಿಗಳಲ್ಲಿ ಹೀಗೆ ಕತ್ತು ಹಿಂದಕ್ಕೆ ಸೆಟೆದಿದ್ರೆ ಬಾತಿನ ಹೆಪಟೈಟಿಸ್ ವೈರಸ್ ಮೊದಲ ಅನುಮಾನ, ದೊಡ್ಡದಾದ್ರೆ ಕೀಟನಾಶಕ, ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಇತ್ಯಾದಿ. ಅದರ ಬದಲು ಕತ್ತು ಮುಂದಕ್ಕೆ ಚಾಚಿ, ಸುತ್ತ ಏನೂ ಕೆದರದೇ, ನೀರಂಚಲ್ಲೋ ನೀರೊಳಗೋ ಸಿಕ್ಕಿದ್ರೆ ಬಾಟುಲಿಸಂ, ಅಂದ್ರೆ ಕೊಳೆತದ್ದರಲ್ಲಿ ಹುಟ್ಟೋ ವಿಷದಿಂದ ಮೈ ಸೋಲೋ ಕಾಯಿಲೆ, ಅದರ ಕಡೆ ಯೋಚನೆ ಮಾಡಿ.

ತೋಟ ಗದ್ದೆ ಸುತ್ತಿ ಬನ್ನಿ

ಇದನ್ನ ಅದೇ ದಿನ ಮಾಡ್ಬೇಕು, ಬಾತು ದಿನಾ ಹೋಗೋ ದಾರೀಲೇ ನಡೆದು. ಬಾತು ಮನುಷ್ಯರ ಹಾಗೆ ನೋಡಿ ತಿನ್ನೋ ಪ್ರಾಣಿ ಅಲ್ಲ, ಕೆಸರಲ್ಲಿ ಕೊಕ್ಕು ಹಾಕಿ ಜಾಲಿಸಿ ಸಿಕ್ಕಿದ್ದನ್ನೆಲ್ಲಾ ನುಂಗತ್ತೆ, ಹರಳು ಹರಳಾಗಿರೋ ಯಾವುದೂ ಅದಕ್ಕೆ ಕಾಳೇ.

ಬಾಳೆ, ಭತ್ತಕ್ಕೆ ಹಾಕೋ ಫ್ಯುರಡಾನ್ ಅಂದ್ರೆ ಕಾರ್ಬೋಫ್ಯುರಾನ್ ಹರಳು ಹಕ್ಕಿಗಳಿಗೆ ಭಯಂಕರ ವಿಷ, ಸಣ್ಣ ಹಕ್ಕಿಗೆ ಒಂದೇ ಹರಳು ಸಾಕು. 2023ರಲ್ಲಿ ಕೇಂದ್ರ ಸರ್ಕಾರ ಇದರ 3% ಕವಚದ ಹರಳು ಒಂದನ್ನ ಬಿಟ್ಟು ಉಳಿದ ರೂಪಗಳನ್ನೆಲ್ಲ ನಿಲ್ಲಿಸಿದೆ, ಥಿಮೆಟ್ ಅಂತ ಕರೆಯೋ ಫೋರೇಟ್ ಅದಕ್ಕೂ ಮುಂಚೆನೇ 2020ರ ಕೊನೆಗೆ ನಿಂತಿದೆ, ಆದ್ರೂ ಹಳೇ ಡಬ್ಬಿ ಎಷ್ಟೋ ಮನೆ ಅಟ್ಟದ ಮೇಲೆ ಇನ್ನೂ ಇವೆ. ಇವು ತಿಂದ ಬಾತು ಬಾಯಿಂದ ಜೊಲ್ಲು ಸುರಿಸಿ, ಉಸಿರಾಟಕ್ಕೆ ಒದ್ದಾಡಿ, ನಡುಗಿ, ಬಹಳ ಬೇಗ ಸಾಯತ್ತೆ. ಗುಂಪಲ್ಲಿ ಇನ್ನೊಂದು ಹೀಗೆ ನಡುಗ್ತಾ ಇದ್ರೆ ಒಂದು ನಿಮಿಷ ತಡ ಮಾಡ್ದೇ ಡಾಕ್ಟ್ರ ಹತ್ರ ಒಯ್ಯಿರಿ, ಅಟ್ರೋಪಿನ್ ಇಂಜೆಕ್ಷನ್ ಬೇಗ ಬಿದ್ರೆ ಉಳಿಯೋ ಅವಕಾಶ ಇದೆ.

ಬಸವನಹುಳು ಕೊಲ್ಲೋಕೆ ಹಾಕೋ ಮೆಟಾಲ್ಡಿಹೈಡ್ ಗುಳಿಗೆ ಇನ್ನೊಂದು. ಬಾತು ಸಾಕೋದೇ ಹುಳು ತಿನ್ಲಿ ಅಂತ, ಪಕ್ಕದ ತೋಟದವ್ರು ಗುಳಿಗೆ ಹಾಕಿರ್ತಾರೆ, ಬಾತು ಗುಳಿಗೆನೂ ತಿನ್ನಬಹುದು, ವಿಷ ತಿಂದ ಹುಳೂನೂ ತಿನ್ನಬಹುದು. ಬೇಲಿ ಆಚೆ ಇರೋರಿಗೆ ಮೊದಲೇ ಹೇಳಿಡಿ, ನಮ್ಮ ಬಾತು ಓಡಾಡ್ತವೆ, ಹಾಕೋದಾದ್ರೆ ಒಂದು ಮಾತು ತಿಳಿಸಿ ಅಂತ. ಇಲಿ ಪಾಷಾಣ ನೋಡಿ, ಜಿಂಕ್ ಫಾಸ್ಫೈಡ್ ತಿಂದಿದ್ರೆ ಹೊಟ್ಟೆ ಕೊಯ್ದಾಗ ಬೆಳ್ಳುಳ್ಳಿ ಥರದ ವಾಸನೆ ಬರತ್ತೆ ಅಂತಾರೆ, ಆ ಗಾಳಿ ನಮಗೂ ವಿಷ, ಮನೇಲಿ ನೀವಾಗೇ ಕೊಯ್ಯೋಕೆ ಹೋಗ್ಬೇಡಿ ಅನ್ನೋಕೆ ಇದೂ ಒಂದು ಕಾರಣ.

ಮಲೆನಾಡಿನವ್ರು ಮರೆಯೋದು ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗಕ್ಕೆ ಅಂತ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಕಲಸ್ತೀವಿ, ಸಂಜೆ ಡ್ರಮ್ ತೊಳೆದ ನೀರನ್ನ ಕಾದಿಗೆಗೆ, ಅಂದ್ರೆ ತೋಟದ ನೀರು ಬಸಿಯೋ ಕಾಲುವೆಗೆ ಚೆಲ್ತೀವಿ, ಬಾತು ಅದೇ ಕಾದಿಗೇಲಿ ಕುಡಿಯತ್ತೆ. ಮೈಲುತುತ್ತದ ತಾಮ್ರ ಜಾಸ್ತಿಯಾದ್ರೆ ಹೊಟ್ಟೆ ಕರುಳು ಸುಟ್ಟ ಹಾಗಾಗತ್ತೆ. ಕಲಸೋ ಜಾಗ, ಡ್ರಮ್ ಅಡಿಯ ನೀಲಿ ಗಸಿ, ಎರಡನ್ನೂ ನೋಡಿ. ನಾನು ಮೊದಲು ಇದನ್ನೇ ಅನುಮಾನ ಪಟ್ಟಿದ್ದು, ನಮ್ಮಲ್ಲಿ ಔಷಧಿ ಹೊಡೆದು ಹನ್ನೆರಡು ದಿನ ಆಗಿತ್ತು. ಆದ್ರೆ ಡ್ರಮ್ ತೊಳೆದಿದ್ದು ಮನೆಯ ಇನ್ನೊಂದು ಕಡೆ, ಬಾತು ಅಲ್ಲಿಗೆ ಹೋಗೋದೇ ಇಲ್ಲ ಅಂತ ನಮ್ಮನೆಯವ್ರು ಖಡಾಖಂಡಿತ ಹೇಳಿದ್ಮೇಲೆ ಅದನ್ನ ಬಿಟ್ಟೆ.

ಮೊಳೆ, ತಂತಿ ಚೂರು, ಹಳೇ ಬ್ಯಾಟರಿ, ವೆಲ್ಡಿಂಗ್ ಮಾಡಿದ ಜಾಗದ ಪುಡಿ, ಇವೂ ನುಂಗಿದ್ರೆ ಗಿಜರ್ಡ್ ಅಂದ್ರೆ ಕಾಳು ಅರೆಯೋ ಗಟ್ಟಿ ಹೊಟ್ಟೇಲಿ ಕೂತು ಸೀಸ, ಸತು ನಿಧಾನಕ್ಕೆ ರಕ್ತಕ್ಕೆ ಇಳಿಯತ್ತೆ. ಮನೆ ರಿಪೇರಿ ನಡೆದಿದ್ರೆ ಮುಖ್ಯವಾಗಿ ನೋಡಿ.

ನಿಂತ ನೀರು, ಸತ್ತ ಇಲಿ, ಹುಳ

ಬಾಟುಲಿಸಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಇದನ್ನ ಕಣ್ಣಿಂದ ನೋಡಿ ಹಿಡಿಯೋಕೆ ಆಗೋದು ಸಾಕಿದವರಿಗೇ, ಪೋಸ್ಟ್‌ಮಾರ್ಟಂ ಅಲ್ಲಿ ಹೆಚ್ಚು ಕಡಿಮೆ ಏನೂ ಸಿಗಲ್ಲ, ಎಲ್ಲಾ ಅಂಗ ಚೆನ್ನಾಗೇ ಕಾಣತ್ತೆ. ಬೆಚ್ಚಗಿನ ಹೊತ್ತಲ್ಲಿ, ಗಾಳಿಯಾಡದ ಕೊಳೆತ ಕೆಸರಲ್ಲಿ, ಸತ್ತ ಇಲಿ ಕೋಳಿ ಮೀನಿನ ದೇಹದಲ್ಲಿ ಒಂದು ಬ್ಯಾಕ್ಟೀರಿಯಾ ವಿಷ ಮಾಡತ್ತೆ. ಆ ಹೆಣದ ಮೇಲಿನ ಬಿಳಿ ಹುಳಕ್ಕೆ ವಿಷ ಏನೂ ಮಾಡಲ್ಲ, ಆದ್ರೆ ಹುಳದ ಮೈಯಲ್ಲಿ ಅದು ತುಂಬ್ಕೊಂಡಿರತ್ತೆ, ಬಾತಿಗೆ ಹುಳ ಅಂದ್ರೆ ಪ್ರಾಣ. ತಿಂದು ಒಂದೆರಡು ದಿನದಲ್ಲಿ ಮೊದಲು ಕಾಲು ಸೋಲತ್ತೆ, ಆಮೇಲೆ ರೆಕ್ಕೆ ಜೋಲು, ಆಮೇಲೆ ಕತ್ತು ಎತ್ತೋಕಾಗಲ್ಲ, ಆದ್ರೆ ಕಣ್ಣಲ್ಲಿ ಎಚ್ಚರ ಇರತ್ತೆ. ನೀರಲ್ಲಿದ್ರೆ ತಲೆ ಎತ್ತಲಾಗದೇ ಮುಳುಗಿ ಸಾಯತ್ತೆ, ಈಜೋ ಹಕ್ಕಿ ನೀರಲ್ಲಿ ಮುಳುಗಿ ಸತ್ತಿದೆ ಅಂದ್ರೆ ಕಾರಣ ಬಹುಶಃ ಇದು, ಇಲ್ಲಾ ಗಂಡು ಬಾತುಗಳು ಜಾಸ್ತಿಯಾಗಿ ಒಂದೇ ಹೆಣ್ಣಿನ ಮೇಲೆ ಮುಗಿಬಿದ್ದಿರೋದು. ಒಂದು ಗಂಡಿಗೆ ಐದಾರು ಹೆಣ್ಣು ಇರ್ಲಿ ಅನ್ನೋದು ಅದಕ್ಕೇ.

ಹೊಂಡದ ಸುತ್ತ, ಹುಲ್ಲಿನ ಬಣವೆ ಹಿಂದೆ, ಕಾದಿಗೆಯ ಕಸದ ಅಡಿ, ಗೊಬ್ಬರದ ಗುಂಡಿ ಪಕ್ಕ, ವಾಸನೆ ಹಿಡ್ಕೊಂಡು ಹುಡುಕಿ. ಸತ್ತಿದ್ದು ಸಿಕ್ರೆ ಸಲಿಕೆಯಲ್ಲಿ ಮಣ್ಣು ಹುಳ ಸಮೇತ ಎತ್ತಿ ಆಳಕ್ಕೆ ಹೂಳಿ. ಕಾಲು ಸೋತಿರೋ ಬಾತು ಇದ್ರೆ ನೀರಿಗೆ ಬಿಡ್ಬೇಡಿ, ನೆರಳಲ್ಲಿ ಇಟ್ಟು, ಕತ್ತಿಗೆ ಬಟ್ಟೆ ಸುರುಳಿ ಆಸರೆ ಕೊಟ್ಟು, ಡಾಕ್ಟ್ರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಶುದ್ಧ ನೀರು ಕುಡಿಸಿ. ಕಡಿಮೆ ವಿಷ ಹೋಗಿದ್ರೆ ಎರಡು ಮೂರು ದಿನದಲ್ಲಿ ಎದ್ದು ನಿಲ್ಲೋದೂ ಉಂಟು.

ಅಂಟುರೋಗ

ಡಕ್ ಪ್ಲೇಗ್, ಹಕ್ಕಿಗಳಿಗೆ ಬರೋ ಕಾಲರಾ ಎರಡೂ ಮೈ ತುಂಬಿರೋ ಬಾತನ್ನೇ ರಾತ್ರೋರಾತ್ರಿ ಕೆಡವ್ತವೆ, ಒಂದಾದ ಮೇಲೊಂದು ಸಾಲಾಗಿ ಸಾಯ್ತವೆ. ಹೊರಗಿಂದ ನೋಡಿ ಇವೆರಡನ್ನ ಬೇರೆ ಮಾಡೋದು ಕಷ್ಟ, ಕೊಯ್ದಾಗ ಪ್ಲೇಗ್‌ನಲ್ಲಿ ಕರುಳಿನ ಮೇಲೆ ಬಳೆ ಥರ ಕೆಂಪು ಪಟ್ಟಿ ಕಾಣತ್ತೆ, ಕಾಲರಾದಲ್ಲಿ ಲಿವರ್ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ಹೃದಯದ ಮೇಲೆ ರಕ್ತದ ಚುಕ್ಕೆ. ಪ್ಲೇಗಿಗೆ ಲಸಿಕೆ ಇದೆ, ಕಾಲರಾ ಬ್ಯಾಕ್ಟೀರಿಯಾದ್ದು, ಅದಕ್ಕೆ ಸಮಯಕ್ಕೆ ಔಷಧಿ ಕೊಟ್ರೆ ಉಳಿದವು ಉಳೀತವೆ, ಅದಕ್ಕೇ ಯಾವುದು ಅಂತ ಗೊತ್ತಾಗೋದು ಮುಖ್ಯ.

ಹಕ್ಕಿಜ್ವರನ ಮನಸ್ಸಲ್ಲಿ ಇಟ್ಕೊಳ್ಳಿ. 2012ರಲ್ಲಿ ಬೆಂಗಳೂರು ಪಕ್ಕದ ಹೆಸರಘಟ್ಟದಲ್ಲಿ ಬಂದಿತ್ತು, ಕೇರಳದ ಕುಟ್ಟನಾಡಿನಲ್ಲಿ 2014ರಲ್ಲೂ 2024ರಲ್ಲೂ ಸಾಕಿದ ಬಾತುಗಳಲ್ಲೇ ಬಂತು. ಒಂದೆರಡು ದಿನದಲ್ಲಿ ಹಲವು ಸತ್ರೆ, ತಲೆ ತಿರುಚೋದು, ಸುತ್ತು ಹಾಕೋದು ಕಂಡ್ರೆ, ಅಕ್ಕಪಕ್ಕ ಕಾಗೆ ಕೊಕ್ಕರೆ ಸತ್ತಿದ್ರೆ, ಯಾವುದನ್ನೂ ಮುಟ್ಟದೇ, ಎಲ್ಲಿಗೂ ಒಯ್ಯದೇ ಪಶು ಆಸ್ಪತ್ರೆಗೆ ಫೋನ್ ಮಾಡಿ, ಅವರೇ ಬರ್ತಾರೆ.

ಪೋಸ್ಟ್‌ಮಾರ್ಟಂಗೆ ಒಯ್ಯೋದು ಹೇಗೆ

ಬಾತಿನ ಪುಕ್ಕ ಕಂಬಳಿ ಇದ್ದ ಹಾಗೆ, ಬದುಕಿದ್ದಾಗ ಚಳಿ ತಡೆಯೋ ಅದೇ ಪುಕ್ಕ ಸತ್ತ ಮೇಲೆ ಬಿಸೀನ ಒಳಗೇ ಹಿಡಿದಿಟ್ಟು ಬೇಗ ಕೊಳೆಸತ್ತೆ. ಅದಕ್ಕೆ ಒಂದು ಬಕೆಟ್ ತಣ್ಣೀರಿಗೆ ಸ್ವಲ್ಪ ಪಾತ್ರೆ ಸೋಪು ಹಾಕಿ ಪುಕ್ಕದ ಬುಡದವರೆಗೂ ನೆನೆಯೋ ಹಾಗೆ ಅದ್ದಿ ತೆಗೀರಿ, ಸೋಪಿಲ್ದೇ ಇದ್ರೆ ಎಣ್ಣೆ ಮೈಯಿಂದ ನೀರು ಜಾರಿಹೋಗತ್ತೆ. ನೀರು ಸೋರಿಸಿ ಎರಡು ಪದರ ಕವರಲ್ಲಿ ಕಟ್ಟಿ, ಸುತ್ತ ಐಸ್ ಇಟ್ಟು ಒಯ್ಯಿರಿ. ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡ್ಬಹುದು, ಆದ್ರೆ ಊಟದ ಸಾಮಾನಿರೋ ಫ್ರಿಜ್ ಆದ್ರೆ ಬೇಡವೇ ಬೇಡ, ಐಸ್ ಡಬ್ಬಿನೇ ಸರಿ. ಫ್ರೀಜರ್‌ಗೆ ಹಾಕ್ಬೇಡಿ, ಗಟ್ಟಿಯಾಗಿ ಕರಗಿದ ಲಿವರ್‌ನಿಂದ ಸರಿಯಾಗಿ ಏನೂ ಗೊತ್ತಾಗಲ್ಲ. 24 ಗಂಟೆ ಒಳಗೆ ಮುಟ್ಟಿಸಿ.

ಮೊದಲು ತಾಲ್ಲೂಕು ಪಶು ಆಸ್ಪತ್ರೆಗೆ ಕೇಳಿ, ಎಲ್ಲಿಗೆ ಅಂತ ಗೊತ್ತಾಗದಿದ್ರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಶಿವಮೊಗ್ಗ, ಹಾಸನ, ಬೀದರ್, ಬೆಂಗಳೂರಿನ ಹೆಬ್ಬಾಳದಲ್ಲಿ ವೆಟರ್ನರಿ ಕಾಲೇಜು ಇವೆ, ಹತ್ರ ಇರೋರು ಅಲ್ಲಿನ ಪೆಥಾಲಜಿ ವಿಭಾಗದಲ್ಲಿ ವಿಚಾರಿಸಿ. ಒಂದು ಬಾತಿಗೆ ಇಷ್ಟೆಲ್ಲಾ ಯಾಕೆ ಅಂತ ಹೇಳೋರು ಸಿಗ್ತಾರೆ, ನಮಗೂ ಒಬ್ರು ಹೇಳಿದ್ರು. ಇನ್ನೂ ಎರಡು ಬದುಕಿವೆ ಸರ್, ಅವುಗಳಿಗೋಸ್ಕರ ಅಂದೆ. ಆಮೇಲೆ ಏನೂ ಅನ್ಲಿಲ್ಲ.

ಮೇವಿನ ಸ್ಯಾಂಪಲ್ ಜೊತೆಗೇ ಒಯ್ಯಿರಿ. ಚೀಲದ ಮೇಲಿಂದ, ನಡುವಿಂದ, ತಳದಿಂದ ಸ್ವಲ್ಪ ಸ್ವಲ್ಪ ಸೇರಿಸಿ ಅರ್ಧ ಒಂದು ಕೆಜಿ. ಬೂಷ್ಟಿನ ವಿಷ ಚೀಲದ ತುಂಬಾ ಒಂದೇ ಸಮ ಇರಲ್ಲ, ಒಂದು ಹಿಡಿ ತೆಗೆದ್ರೆ ವಿಷ ಇಲ್ಲದ ಹಿಡೀನೇ ಸಿಗಬಹುದು. ಕಾಗದದ ಚೀಲಕ್ಕೆ ಹಾಕಿ, ಪ್ಲಾಸ್ಟಿಕ್ಕಿಗೆ ಹಾಕಿದ್ರೆ ದಾರೀಲೇ ಬೆವರಿ ಇನ್ನಷ್ಟು ಬೂಷ್ಟು ಬೆಳೆಯತ್ತೆ.

ಭದ್ರೆ ಹೊಟ್ಟೇಲಿ ಕಂಡಿದ್ದು

ಡಾಕ್ಟ್ರು ಹೊಟ್ಟೆ ಬಿಡಿಸಿದ ಕೂಡ್ಲೇ ತಿಳಿ ಹಳದಿ ನೀರು ಹರೀತು, ಒಂದು ಕಾಫಿ ಲೋಟದಷ್ಟು. ಆಮೇಲೆ ಲಿವರ್ ತೋರಿಸಿದ್ರು. ಕಡುಗೆಂಪು ಇರ್ಬೇಕಾದ್ದು ಜೇಡಿಮಣ್ಣಿನ ಬಣ್ಣ, ಅಲ್ಲಲ್ಲಿ ರಕ್ತದ ಚುಕ್ಕೆ, ಚೂಪಾಗಿರ್ಬೇಕಾದ ಅಂಚು ಉಬ್ಬಿ ದುಂಡಗಾಗಿತ್ತು. ಚಾಕು ಹಿಂಭಾಗದಿಂದ ಒತ್ತಿದ್ರು, ಬೇಯಿಸಿದ ಗೆಣಸಿನ ಥರ ಪುಡಿಯಾಯ್ತು. ಕರುಳು ಚೆನ್ನಾಗಿತ್ತು, ಗಿಜರ್ಡ್ ಒಳಗೆ ಬರೀ ಮರಳು ಕಲ್ಲು, ಮೊಳೆ ಗಿಳೆ ಇಲ್ಲ. ಕತ್ತಿನ ಚರ್ಮ ಸುಲಿದು ತೋರಿಸಿದ್ರು, ಕಚ್ಚಿದ ಗುರುತಿಲ್ಲ.

"ಏನಮ್ಮ ಹಾಕ್ತಿದ್ರಿ ಇದಕ್ಕೆ?" ಅಂದ್ರು.

ನುಚ್ಚು, ತೌಡು, ಜೊತೆಗೆ ಸ್ವಲ್ಪ ಕಡಲೆಕಾಯಿ ಹಿಂಡಿ ಅಂದೆ. "ಹಿಂಡಿ ಯಾವ್ದು, ದನಕ್ಕೆ ಹಾಕೋದಾ? ಹೇಗಿತ್ತು?" ಅಂದ್ರು. ಆಗ ನಂಗೆ ಕಾಲು ನಡುಗ್ತು. ಜೂನ್ ಮಳೇಲಿ ಕೊಟ್ಟಿಗೆ ಗೋಡೆ ಪಕ್ಕ ಇಟ್ಟಿದ್ದ ಚೀಲ, ತಳದಲ್ಲಿ ಗಂಟು ಗಂಟಾಗಿತ್ತು, ಗಂಟು ಒಡೆದ್ರೆ ಒಳಗೆ ಹಸಿರು ಹಳದಿ ಪುಡಿ. ಆ ಗಂಟನ್ನ ಹಸು ಮೂಸಿ ಮುಖ ತಿರುಗಿಸ್ತು. ಹಾಳಾಗೋದು ಬೇಡ ಅಂತ ನಾನು ನೀರಲ್ಲಿ ನೆನೆಸಿ ಬಾತಿಗೆ ಹಾಕಿದೆ. ಬಾತು ಮೂಸಲ್ಲ. ಮೂರು ವಾರ ಹಾಕಿದೀನಿ, ನನ್ನ ಕೈಯಾರೆ.

ಅದು ಅಫ್ಲಾಟಾಕ್ಸಿನ್. ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಷ್ಟು ಮಾಡೋ ವಿಷ, ಹೆಸರೇ ಅದರಿಂದ ಬಂದಿದ್ದು. 1960ರಲ್ಲಿ ಇಂಗ್ಲೆಂಡಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಕಾರಣ ಗೊತ್ತಾಗದೇ ಸತ್ತಾಗ, ಜೊತೆಗೆ ಬಾತಿನ ಮರಿಗಳೂ ಸತ್ವು, ಕೊನೆಗೆ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಸಿಕ್ತು. ಸಾಕೋ ಹಕ್ಕಿಗಳಲ್ಲೇ ಇದಕ್ಕೆ ಅತಿ ಬೇಗ ಬಲಿಯಾಗೋದು ಬಾತು. ಎಷ್ಟು ಬೇಗ ಅಂದ್ರೆ, ಆಗ ಮೇವಲ್ಲಿ ವಿಷ ಇದೆಯಾ ಅಂತ ಪರೀಕ್ಷೆ ಮಾಡೋಕೆ ಒಂದು ದಿನದ ಬಾತಿನ ಮರಿಯನ್ನೇ ಬಳಸ್ತಿದ್ರು. 50 ಗ್ರಾಂ ತೂಗೋ ಮರಿಗೆ ಸುಮಾರು 20 ಮೈಕ್ರೋಗ್ರಾಂ ಸಾಕು, ಕಣ್ಣಿಗೆ ಕಾಣದಷ್ಟು. ಕೋಳಿ ಅದೇ ಹಿಂಡಿ ತಿಂದು ಓಡಾಡ್ಕೊಂಡಿರತ್ತೆ, ಬಾತು ಸಾಯತ್ತೆ. ಕೋಳಿಗೇನೂ ಆಗಿಲ್ಲ ಅಂದ್ಮೇಲೆ ಮೇವು ಸರಿ ಇದೆ ಅಂತ ಯಾರೂ ಲೆಕ್ಕ ಹಾಕ್ಬೇಡಿ.

ಬಿಸಿಲಿಗೆ ಹರವಿದ್ರೆ ಬೂಷ್ಟು ಒಣಗತ್ತೆ, ವಿಷ ಹೋಗಲ್ಲ. ಹುರಿದ್ರೂ ಹೋಗಲ್ಲ, ಕುದಿಸಿದ್ರೂ ಹೋಗಲ್ಲ, ತೊಳೆದ್ರೂ ಹೋಗಲ್ಲ. ಬೂಷ್ಟು ಕಾಣದೇ ಇರೋ ಹಿಂಡೀಲೂ ಮೆಕ್ಕೆಜೋಳದಲ್ಲೂ ಇರಬಹುದು. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗೋ ಅಷ್ಟೇ ತನ್ನಿ, ನೆಲ ಗೋಡೆ ಎರಡಕ್ಕೂ ತಾಗದ ಹಾಗೆ ಮರದ ಹಲಗೆ ಮೇಲಿಡಿ, ಹಸಿ ಕೈ, ಹಸಿ ಚಂಬು ಚೀಲಕ್ಕೆ ಹಾಕ್ಬೇಡಿ. ಬಾತಿಗೆ ಕಡಲೆಕಾಯಿ ಹಿಂಡಿನೇ ಬೇಡ ಅನ್ನೋದು ನನ್ನ ಮಾತು, ಮರಿಗಂತೂ ಮುಟ್ಟಿಸ್ಲೇಬೇಡಿ.

ಹಿಂಡಿಯ ರಿಪೋರ್ಟ್ ಬರೋಕೆ ಮೂರು ವಾರ ಆಯ್ತು, ಇರಬಹುದಾದ್ದಕ್ಕಿಂತ ಬಹಳ ಜಾಸ್ತಿ ಅಂತ ಬಂತು. ಆದ್ರೆ ನಾವು ಅದಕ್ಕೆ ಕಾಯ್ಲಿಲ್ಲ, ಡಾಕ್ಟ್ರು ಲಿವರ್ ತೋರಿಸಿದ ದಿನವೇ ಮೇವು ಬದಲಾಯ್ಸಿದ್ವಿ. ನೀವೂ ಕಾಯ್ಬೇಡಿ.

ಈಗ ಹಿಂದಿನದೆಲ್ಲಾ ನೆನೆಸ್ಕೊಂಡ್ರೆ ಇದ್ದಕ್ಕಿದ್ದ ಹಾಗೆ ಅನ್ನೋ ಮಾತೇ ಸುಳ್ಳು ಅನ್ಸತ್ತೆ. ದಿನಾ ಮೂರು ಮೊಟ್ಟೆ ಸಿಗ್ತಿದ್ದಿದ್ದು ಜೂನ್ ಕೊನೆಗೆ ಒಂದಕ್ಕೆ ಇಳಿದಿತ್ತು, ಮಳೆಗೆ ಅಂದ್ಕೊಂಡೆ. ಭದ್ರೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾಗಿಲಿಗೆ ಬರ್ತಿದ್ದೋಳು ಕೊನೇಲಿ ಬರೋಕೆ ಶುರು ಮಾಡಿದ್ಲು. ನೀರಿಂದ ಎದ್ದಾಗ ಅವಳ ಪುಕ್ಕ ಒದ್ದೆಯಾಗೇ ಇರ್ತಿತ್ತು, ಕೊಕ್ಕಿನಿಂದ ಎಣ್ಣೆ ತೀಡ್ಕೊಳ್ಳೋಕೂ ಅವಳಿಗೆ ಶಕ್ತಿ ಇರ್ಲಿಲ್ಲ. ಗುಂಪಲ್ಲಿ ಇರೋ ಹಕ್ಕಿ ಕಾಯಿಲೆ ತೋರಿಸ್ಕೊಳ್ಳಲ್ಲ, ತೋರಿಸಿದ್ರೆ ಹದ್ದು ನರಿ ಮೊದಲು ಅದನ್ನೇ ಹಿಡಿಯತ್ತೆ, ಹಾಗಾಗಿ ನಮಗೆ ಕಾಣೋ ಹೊತ್ತಿಗೆ ಕೊನೇ ದಿನ ಬಂದಿರತ್ತೆ. ವಾರಕ್ಕೊಂದು ಸಲ ಎತ್ಕೊಂಡು ಎದೆ ಮೂಳೆ ಮುಟ್ಟಿ ನೋಡಿ. ಅರ್ಧ ನಿಮಿಷದ ಕೆಲಸ.

ಉಳಿದವುಗಳಿಗೆ, ಮತ್ತೆ ಹಸುವಿಗೆ

ಅಫ್ಲಾಟಾಕ್ಸಿನ್‌ಗೆ ಪ್ರತಿವಿಷ ಇಲ್ಲ, ಮೇವು ನಿಲ್ಸೋದೇ ಚಿಕಿತ್ಸೆ. ಶರಾವತಿಗೂ ಭೀಮನಿಗೂ ಡಾಕ್ಟ್ರು ಹೊಟ್ಟೇಲಿರೋ ವಿಷ ಹಿಡ್ಕೊಳ್ಳೋ ಟಾಕ್ಸಿನ್ ಬೈಂಡರ್ ಮತ್ತೆ ಲಿವರ್ ಟಾನಿಕ್ ಬರ್ಕೊಟ್ರು, ವಿಟಮಿನ್ ಕೊಟ್ವಿ, ಬೇಯಿಸಿದ ಅನ್ನ, ಮೊಟ್ಟೆ, ಸೊಪ್ಪು, ಹೊಸ ಮೇವು. ಭೀಮ ಎರಡು ವಾರದಲ್ಲಿ ಚೇತರಿಸ್ಕೊಂಡ. ಶರಾವತಿ ಗಣಪತಿ ಹಬ್ಬದವರೆಗೂ ಮೊಟ್ಟೆ ಇಡ್ಲಿಲ್ಲ. ಸತ್ತಿದ್ದನ್ನ ಮೂರಡಿ ಆಳಕ್ಕೆ ಸುಣ್ಣ ಹಾಕಿ ಹೂಳಿ, ಬಾವಿ ಹಳ್ಳದಿಂದ ದೂರ. ಗೂಡಿನ ಹುಲ್ಲು ಸುಟ್ಟು, ನೀರಿನ ಬಾನಿ ತಿಕ್ಕಿ ತೊಳೆದು ಒಂದು ದಿನ ಬಿಸಿಲಿಗಿಡಿ.

ಡಾಕ್ಟ್ರು ಹೊರಡೋ ಹೊತ್ತಿಗೆ ಇನ್ನೊಂದು ಕೇಳಿದ್ರು, ಅದೇ ಚೀಲದ ಹಿಂಡಿ ಹಸು ತಿಂದಿದೆಯಾ ಅಂತ. ಗಂಟನ್ನ ಬಿಟ್ಟಿದೆ, ಮೇಲಿನದ್ದು ತಿಂದಿದೆ ಅಂದೆ. ಹಸು ತಿಂದ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಎಂ1 ಆಗಿ ಹಾಲಿಗೆ ಬರತ್ತೆ, ಕಾಯಿಸಿದ್ರೂ ಹೋಗಲ್ಲ, ಹಾಲಲ್ಲಿ ಕೆಜಿಗೆ 0.5 ಮೈಕ್ರೋಗ್ರಾಂ ಮೇಲೆ ಇರಬಾರ್ದು ಅಂತ ನಮ್ಮ ದೇಶದ ಆಹಾರ ಕಾನೂನೇ ಹೇಳತ್ತೆ. ಮೇವು ನಿಲ್ಲಿಸಿದ ಮೇಲೆ ನಾಲ್ಕೈದು ದಿನದಲ್ಲಿ ಇಳಿದುಹೋಗತ್ತಂತೆ. ಉಳಿದ ಹಿಂಡೀನ ಬಾತು ಹಸು ಯಾವುದೂ ಕೆದಕದ ಹಾಗೆ ಗುಂಡಿ ತೆಗೆದು ಮುಚ್ಚಿದ್ವಿ. ವಾರ ಪೂರ್ತಿ ಹಾಲನ್ನ ಡೈರಿಗೂ ಹಾಕ್ಲಿಲ್ಲ, ಮನೇಲೂ ಮುಟ್ಲಿಲ್ಲ, ಕರುಗೆ ಪಕ್ಕದ ಮನೆಯಿಂದ ತಂದು ಕುಡಿಸಿದ್ವಿ. ಎರಡು ಹೊತ್ತೂ ಕರೆದು, ತಂಬಿಗೆ ಹಿಡ್ಕೊಂಡು ಹೋಗಿ ಅಡಿಕೆ ಬುಡಕ್ಕೆ ಹುಯ್ದು ಬರ್ತಿದ್ದೆ.